ಬಾಯಮ್ಮ ಮೂಸಿದ ಪ್ಲೇಟ್

ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಆ ಕ್ಷಣದಲ್ಲಿ ಇನ್‌ಕ್ಯುಬೇಟರಿನ ಮೇಲಿದ್ದ ಗಡಿಯಾರದ ಕಡೆ ಯಾಕೆ ನೋಡಿದೆನೋ ನನಗೆ ಗೊತ್ತಿಲ್ಲ. ನೋಡಿದ್ದಂತೂ ಹೌದು. ಅದರ ಮುಳ್ಳುಗಳು ನನ್ನ ತಲೆಯೊಳಗೆ ಈಗಲೂ ಅಲ್ಲೇ ನಿಂತಿವೆ. ಎಡಗಡೆಯ ಸ್ಟೂಲಿನಲ್ಲಿ ಕೂತಿದ್ದ ಬಾಯಮ್ಮ, ಶುಕ್ರವಾರದಿಂದ ಬ್ಯಾಕ್ಟೀರಿಯಾ ಬೆಳೆಯಲು ಬಿಟ್ಟಿದ್ದ ಒಂದು ಪ್ಲೇಟಿನ ಮುಚ್ಚಳ ತೆಗೆದು, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಮಲ್ಲಿಗೆ ಮೂಸುವವರ ಹಾಗೆ ಉಸಿರೆಳೆದುಕೊಂಡರು.

"ಆಹಾ," ಎಂದರು. "ಮೊದಲ ಮಳೆ ಬಿದ್ದ ಮಣ್ಣು ಮಾರಾಯ್ತಿ. ನಮ್ಮ ಗದ್ದೆಯದ್ದೇ ವಾಸನೆ."

ಬಾಯಮ್ಮ ನಮ್ಮ ಮೈಕ್ರೋಬಯಾಲಜಿ ಲ್ಯಾಬಿನ ಸೀನಿಯರ್ ಟೆಕ್ನಾಲಜಿಸ್ಟ್. ತುಳು ಮಾತನಾಡುವ ನಾವು ಕೊಂಕಣಿ ಕ್ರಿಶ್ಚಿಯನ್ ಮನೆಯ ಹಿರಿಯ ಹೆಂಗಸರನ್ನು ಕರೆಯುವುದೇ ಹಾಗೆ. ಆಸ್ಪತ್ರೆಯಲ್ಲಿ ಎಷ್ಟೋ ಮಂದಿಗೆ ಅವರ ನಿಜವಾದ ಹೆಸರು ಗೊತ್ತಿರಲಿಲ್ಲ. ಎಮ್ಮೆಸ್ಸಿ ಮುಗಿಸಿ ಸಂಶೋಧನಾ ಸಹಾಯಕಿಯಾಗಿ ಅಲ್ಲಿಗೆ ಸೇರಿದ ನಾನು, ಕೈಕೆಲಸ ಅನ್ನುವುದನ್ನು ಕಲಿತದ್ದು ಅವರ ಪಕ್ಕದ ಸ್ಟೂಲಿನಲ್ಲಿ.

ಅವರು ಕೆಲಸ ಕಲಿತ ಕಾಲದಲ್ಲಿ ಪ್ಲೇಟು ಮೂಸುವುದೂ ಒಂದು ವಿದ್ಯೆಯಾಗಿತ್ತು. ರೋಗಿಯ ರಕ್ತ, ಕೀವು, ಮೂತ್ರದಿಂದ ಬೆಳೆಸಿದ ಬ್ಯಾಕ್ಟೀರಿಯಾಕ್ಕೆ ಒಂದೊಂದಕ್ಕೆ ಒಂದೊಂದು ವಾಸನೆ. ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಮೂಗಿನಿಂದ ಹೆಸರು ಹೇಳುವವರಿಗೆ ಲ್ಯಾಬಿನಲ್ಲಿ ಒಂದು ಗತ್ತು. ಮೂಸಬಾರದು ಎಂದು ಪುಸ್ತಕಗಳು ಹೇಳತೊಡಗಿ ತುಂಬ ಕಾಲವಾಗಿತ್ತು. ಸುರಕ್ಷತೆಯ ಪೋಸ್ಟರ್ ನಮ್ಮ ಗೋಡೆಯ ಮೇಲೂ ಇತ್ತು. ಆದರೆ ಬೆಳಗ್ಗೆ ಪ್ಲೇಟು ಓದುವ ಹೊತ್ತಿಗೆ ಬಾಯಮ್ಮ ಒಂದನ್ನು ಎತ್ತಿ, ಲೇಬಲ್ಲಿಗೆ ಹೆಬ್ಬೆರಳು ಅಡ್ಡ ಹಿಡಿದು, "ಇದೆಂತ ಹೇಳು ನೋಡುವ?" ಎಂದರೆ ಪೋಸ್ಟರ್ ಕಡೆ ಯಾರೂ ನೋಡುತ್ತಿರಲಿಲ್ಲ. ಹುಳಿ ಬಂದ ದ್ರಾಕ್ಷಿ ಅಂದರೆ ಸ್ಯೂಡೋಮೊನಾಸ್. "ಸಂಜೆ ನಾಲ್ಕರ ಬಂದರ್" ಅಂದರೆ, ಮೀನು ಮಾರಿ ಮುಗಿದ ಮೇಲಿನ ಆ ವಾಸನೆ, ಪ್ರೋಟಿಯಸ್. ಬಟರ್‌ಸ್ಕಾಚಿನ ವಾಸನೆಯ ಒಂದು ಸ್ಟ್ರೆಪ್ಟೋಕಾಕಸ್ ಬಂದ ದಿನ ಹಬ್ಬ. ತಪ್ಪು ಹೇಳಿದವರು ಕ್ಯಾಂಟೀನಿನಿಂದ ಬಾಳೆಹಣ್ಣಿನ ಸಿಹಿ ಬನ್ಸ್ ತರಬೇಕು. ಬಾಯಮ್ಮನ ಪಾಲಿನ ಬನ್ಸಿನ ಅರ್ಧ ನನಗೇ ಬರುತ್ತಿತ್ತು. ಅವರಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್.

ಆ ಬೆಳಗುಗಳು ಎಷ್ಟು ಚೆನ್ನಾಗಿದ್ದವು ಎಂದು ಈಗ ಬರೆಯುವಾಗ ನನಗೇ ಒಂಥರಾ ಆಗುತ್ತದೆ. ಬೈಕಂಪಾಡಿಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬಂದು ಕೋಟು ಹಾಕುವಷ್ಟರಲ್ಲಿ ಒಳಗೆ ಪ್ಲೇಟಿಗೆ ಹೊಯ್ಯುವ ಅಗಾರ್ ಕುದಿಯುವ ವಾಸನೆ, ತೆಳ್ಳಗಿನ ಮಾಂಸದ ಸಾರಿನ ಹಾಗೆ. ಉಪಕರಣಗಳನ್ನು ಹಬೆಯಲ್ಲಿ ಬೇಯಿಸುವ ಆಟೋಕ್ಲೇವ್ ಉಸ್ಸೆನ್ನುತ್ತಿತ್ತು. ಬಾಯಮ್ಮ ಕೊಂಕಣಿಯಲ್ಲಿ ಏನೋ ಗುನುಗುತ್ತಾ ಪ್ಲೇಟುಗಳನ್ನು ಸಾಲಾಗಿ ಜೋಡಿಸುತ್ತಿದ್ದರು.

ಆ ಸೋಮವಾರ ನಾನು ನೋಡುತ್ತಿದ್ದದ್ದು, ಬಾಯಮ್ಮ ಮೂಸಿದ ಪ್ಲೇಟು ಯಾವ ರೋಗಿಯದ್ದೋ ಅದೇ ರೋಗಿಯ ಇನ್ನೊಂದು ಪ್ಲೇಟ್. ರೋಗಿ ಬಂದರಿನ ಗೋದಾಮೊಂದರಲ್ಲಿ ಮೂಟೆ ಹೊರುವವ. ಹೋಗದ ಜ್ವರ, ಇಳಿಯುತ್ತಿದ್ದ ತೂಕ. ಕ್ಷಯ ಇರಬಹುದೆಂದು ಔಷಧಿ ಶುರುವಾಗಿತ್ತು. ಅವನ ರಕ್ತದಲ್ಲಿ ಬೆಳೆದದ್ದು ಏನೆಂದು ನಮ್ಮ ಯಂತ್ರ ಸರಿಯಾಗಿ ಹೇಳಿರಲಿಲ್ಲ. ಭಾನುವಾರ ಡ್ಯೂಟಿಯಲ್ಲಿದ್ದ ನಾನು ಯಾವ ಔಷಧಿಗೆ ಅದು ಬಗ್ಗುತ್ತದೆಂದು ನೋಡಲು ಔಷಧಿಯ ಪುಟ್ಟ ಬಿಲ್ಲೆಗಳನ್ನು ಪ್ಲೇಟಿನ ಮೇಲೆ ಇಟ್ಟು ಹೋಗಿದ್ದೆ. ಬಿಲ್ಲೆಯ ಸುತ್ತ ಬರಿದಾದ ವೃತ್ತ ಕಂಡರೆ ಔಷಧಿ ಕೊಂದಿದೆ ಎಂದರ್ಥ. ಕೊಲಿಸ್ಟಿನ್ ಬಿಲ್ಲೆಯ ಅಂಚಿನ ತನಕವೂ ಬ್ಯಾಕ್ಟೀರಿಯಾ ಬೆಳೆದಿತ್ತು. ಜೆಂಟಾಮೈಸಿನ್‌ಗೂ ಹಾಗೆಯೇ. ಕೊನೆಯ ಅಸ್ತ್ರ ಅನ್ನುವಂಥ ಔಷಧಿಗಳಿಗೆ ಜಗ್ಗದ ಅದು, ಸಾಮಾನ್ಯ ಕೆಮ್ಮು ನೆಗಡಿಗೂ ಬರೆಯುವ ಅಮಾಕ್ಸಿಸಿಲಿನ್-ಕ್ಲಾವುಲನೇಟಿನ ಸುತ್ತ ಮಾತ್ರ ಅಗಲವಾಗಿ ಸತ್ತಿತ್ತು.

ಇಂಥ ಜೋಡಿ ಗುಣ ಬೇರೆ ಹೆಚ್ಚಿನ ಬ್ಯಾಕ್ಟೀರಿಯಾಗಳಲ್ಲಿ ಕಾಣುವುದಿಲ್ಲ. ಬಾಯಮ್ಮನ ಕೈಯಲ್ಲಿದ್ದ ಪ್ಲೇಟಿನ ಕಡೆ ಕತ್ತು ತಿರುಗಿಸಿದೆ. ಭಾನುವಾರ ನುಣ್ಣಗೆ ಇದ್ದ ಚುಕ್ಕೆಗಳು ಈಗ ಒಣಗಿ, ಸುಕ್ಕುಗಟ್ಟಿ, ಸಣ್ಣ ಸಣ್ಣ ಹೂಗಳ ಹಾಗೆ ಮಡಿಕೆ ಬಿದ್ದಿದ್ದವು. ಅದಕ್ಕೆ ಮಣ್ಣಿನ ವಾಸನೆ.

ಮೆಲಿಯಾಯ್ಡೋಸಿಸ್.

ಆ ರೋಗ ತರುವ ಬ್ಯಾಕ್ಟೀರಿಯಾ ನಮ್ಮ ಕರಾವಳಿಯ ಕೆಸರಿನಲ್ಲೇ ಇದೆ. ಮಳೆಗಾಲದಲ್ಲಿ ಗಾಯದಿಂದ, ನೀರಿನಿಂದ, ಉಸಿರಿನಿಂದ ಒಳಗೆ ಹೋಗುತ್ತದೆ. ಕ್ಷಯದ ಹಾಗೆ, ನ್ಯುಮೋನಿಯಾದ ಹಾಗೆ ವೇಷ ಹಾಕುತ್ತದೆ. ಆರೋಗ್ಯವಂತರನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆ. ಸಕ್ಕರೆ ಕಾಯಿಲೆಯವರನ್ನು ಹುಡುಕಿ ಹಿಡಿಯುತ್ತದೆ.

"ಬಾಯಮ್ಮ, ಮುಚ್ಚಿ," ಎಂದೆ. "ಮುಚ್ಚಿ ಅದನ್ನು. ಮುಚ್ಚಿ!"

ಅವರು ನನ್ನ ಮುಖ ನೋಡಿದರು, ನನ್ನ ಪ್ಲೇಟು ನೋಡಿದರು. ಅವರಿಗೆ ವಿವರಿಸಬೇಕಾಗಲಿಲ್ಲ. ಮುಚ್ಚಳ ಹಾಕಿ, ಟೇಪು ಸುತ್ತಿ, ಪ್ಲೇಟನ್ನು ಮೆಲ್ಲ ಕೆಳಗಿಟ್ಟರು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

"ಸಾಯ್ಬಾ," ಎಂದರು, ದೇವರನ್ನು ಕರೆಯುವ ಅವರ ಮಾತು. ಆಮೇಲೆ, "ಮೊದಲು ವಾರ್ಡಿಗೆ ಫೋನ್ ಮಾಡು. ಆ ಮನುಷ್ಯನಿಗೆ ತಪ್ಪು ಮದ್ದು ಹೋಗ್ತಾ ಉಂಟು. ನನ್ನ ಮೂಗಿನದ್ದು ಮತ್ತೆ ನೋಡುವ."

ನಾನು ವಾರ್ಡಿಗೆ ಫೋನ್ ಮಾಡಿದೆ. ಅದೇ ಮಧ್ಯಾಹ್ನ ಅವನಿಗೆ ಸರಿಯಾದ ಡ್ರಿಪ್ ಏರಿತು. ಅಂತೂ ಅವನು ಬದುಕಿದ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ವಾರಗಳಲ್ಲಿ ನಮಗೆ ಇದ್ದ ಸಮಾಧಾನ ಅದೊಂದೇ.

ಫ್ಯಾನು ನಿಲ್ಲಿಸಿ, ಎಲ್ಲರನ್ನೂ ಹೊರಗೆ ಕಳಿಸಿದೆವು. ಆ ರೋಗಿಯ ಪ್ಲೇಟು, ಟ್ಯೂಬುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಮುಚ್ಚಿ ಸುರಕ್ಷತಾ ಕ್ಯಾಬಿನೆಟ್ಟಿನ ಒಳಗಿಟ್ಟೆವು. ಒಳಗಿನ ಗಾಳಿ ನಮ್ಮ ಮುಖಕ್ಕೆ ಬಾರದಂತೆ ಎಳೆದುಕೊಳ್ಳುವ ಗಾಜಿನ ಪೆಟ್ಟಿಗೆ ಅದು. ಇದ್ದದ್ದು ಒಂದೇ; ಸಂಶಯ ಬಂದದ್ದನ್ನು ಮಾತ್ರ ಅದರೊಳಗೆ ತೆರೆಯುವುದು, ಉಳಿದದ್ದೆಲ್ಲ ಬಯಲು ಮೇಜಿನ ಮೇಲೆ. ಸಂಶಯ ಬರುವ ತನಕ ಏನು ಎಂಬ ಪ್ರಶ್ನೆಯನ್ನು ನಾವು ಯಾರೂ ಕೇಳಿಕೊಂಡಿರಲಿಲ್ಲ.

ವಿಭಾಗದ ಮುಖ್ಯಸ್ಥರಾದ ಸರ್ ಓಡಿ ಬಂದರು. ಬಾಯಮ್ಮ ಅವರಿಗೆ ಹೇಳಿದ ಮೊದಲ ಮಾತು, "ಸರ್, ಇದನ್ನು ಮೇಲೆ ಹೇಳುದು ಬೇಡ. ಮಳೆಗಾಲ ಕಳೆದರೆ ನನಗೆ ರಿಟೈರ್ಮೆಂಟ್. ಇಷ್ಟು ವರ್ಷ ಕೆಲಸ ಮಾಡಿ ಕಡೆಗೆ ಬುದ್ಧಿ ಇಲ್ಲದ ಹೆಂಗಸು ಅಂತ ಹೇಳಿಸಿಕೊಂಡು ಹೋಗ್ಬೇಕಾ?"

"ಡಾಕ್ಟರಿಗೆ ಹೇಳ್ಲೇ ಬೇಕಲ್ಲ ಬಾಯಮ್ಮ."

"ಡಾಕ್ಟರಿಗೆ ಹೇಳುವ. ಆಸ್ಪತ್ರೆಯ ಸೇಫ್ಟಿ ಕಮಿಟಿಗೆ ಬೇಡ."

ಸರ್ ಡಾಕ್ಟರಿಗೆ ಫೋನ್ ಮಾಡಿದರು.

ಸೋಂಕುರೋಗದ ಡಾಕ್ಟರು ನಿಧಾನದ ಹೆಂಗಸು. ಎಲ್ಲ ಕೇಳಿ, "ಬರೀ ಮೂಸಿದ್ದು ಆದ್ರೆ ರಿಸ್ಕ್ ಸಣ್ಣದು," ಎಂದರು. ನನ್ನ ಕಡೆ ತಿರುಗಿ, "ನಿನಗೆ ಮಾಸ್ಕ್ ಇತ್ತು, ಶುಗರ್ ಇಲ್ಲ. ಥರ್ಮಾಮೀಟರ್ ಸಾಕು," ಎಂದರು. ಆಮೇಲೆ ಬಾಯಮ್ಮನ ಕೈ ಹಿಡಿದು, "ನಿಮಗೆ ಮಾತ್ರ ಸಣ್ಣದು ಅಂತ ಹೇಳ್ಲಿಕ್ಕೆ ನನಗೆ ಧೈರ್ಯ ಇಲ್ಲ. ಮೂರು ವಾರ ಮಾತ್ರೆ."

ಇಂಥದ್ದಕ್ಕೆ ಮೊದಲ ಆಯ್ಕೆಯ ಮಾತ್ರೆ ಸಲ್ಫಾ ಜಾತಿಯದ್ದು. ಬಾಯಮ್ಮನಿಗೆ ಸಲ್ಫಾ ಆಗುತ್ತಿರಲಿಲ್ಲ. ಹಿಂದೊಮ್ಮೆ ತೆಗೆದುಕೊಂಡು ಮೈಯೆಲ್ಲ ಸುಟ್ಟ ಹಾಗಾಗಿ ಆಸ್ಪತ್ರೆ ಸೇರಿದ್ದರು. ಎರಡನೆಯದು ಡಾಕ್ಸಿಸೈಕ್ಲಿನ್. ಅದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನುಂಗಿದ್ದನ್ನೆಲ್ಲ ಕಾರುತ್ತಿದ್ದರು, ಊಟ ತಪ್ಪಿ ಸಕ್ಕರೆ ಏರುಪೇರು. ಮೂರನೆಯದು ಉಳಿದದ್ದು, ನನ್ನ ಪ್ಲೇಟಿನಲ್ಲಿ ಅಗಲ ವೃತ್ತ ಬಿಡಿಸಿದ್ದ ಅದೇ ಅಮಾಕ್ಸಿಸಿಲಿನ್-ಕ್ಲಾವುಲನೇಟ್. ಆ ವೃತ್ತವನ್ನು ನಾನು ಕಣ್ಣು ಮುಚ್ಚಿದರೆ ಕಾಣುತ್ತಿದ್ದೆ. ಇದೊಂದು ಸೋತರೆ ಬಾಗಿಲು ಮುಚ್ಚಿದ ಹಾಗೆ.

ಮೊದಲ ದಿನವೇ ತೆಗೆದು ಹೊರಗಿನ ಲ್ಯಾಬಿಗೆ ಕಳಿಸಿದ ರಕ್ತದ ವರದಿಯೂ ಬಂತು. ಆ ಬ್ಯಾಕ್ಟೀರಿಯಾದ ವಿರುದ್ಧ ದೇಹ ಹುಟ್ಟಿಸುವ ಪ್ರತಿಕಾಯ ಅವರಲ್ಲಿ ಆಗಲೇ ಸ್ವಲ್ಪ ಇತ್ತು. ನಾನು ಆ ಸಾಲನ್ನು ಎರಡೆರಡು ಸಲ ಓದಿದೆ. ಬಾಯಮ್ಮ ಮಾತ್ರ ನಕ್ಕರು.

"ಇಲ್ಲದೆ ಎಂತ? ಸಣ್ಣದಿರುವಾಗ ಶಾಲೆಯಿಂದ ಬಂದು ನೇರ ಗದ್ದೆಗೆ ಇಳಿಯುದು ನಾವು. ನೇಜಿ ನೆಡುವಾಗ ಮೂಗಿನ ತನಕ ಕೆಸರು. ನನ್ನ ರಕ್ತದಲ್ಲಿ ಅರ್ಧ ಮಣ್ಣೇ ಇರ್ಬೇಕು."

ಡಾಕ್ಟರೂ ಅದನ್ನೇ ಹೇಳಿದರು: ಇದು ಹಳೆಯದಿರಬಹುದು, ಮುಂದಿನ ವಾರಗಳಲ್ಲಿ ಏರಿದರೆ ಮಾತ್ರ ಹೆದರಬೇಕು. ಹಾಗಾಗಿ ಕಾಯುವುದು ಶುರುವಾಯಿತು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಥರ್ಮಾಮೀಟರಿನ ಫೋಟೋ ತೆಗೆದು ಬಾಯಮ್ಮ ನನ್ನ ಮೊಬೈಲಿಗೆ ಕಳಿಸಬೇಕು. ಗಂಡ ತೀರಿಕೊಂಡಿದ್ದರು, ಮಗಳು ದುಬೈಯಲ್ಲಿ ನರ್ಸ್. "ಅವಳಿಗೆ ಹೇಳ್ಬೇಡ. ರಜೆ ಹಾಕಿ ಬಂದಾಳು," ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಹಾಗಾಗಿ ಆ ಫೋಟೋಗಳ ಭಾರವೆಲ್ಲ ನನ್ನ ಮೇಲೆ. ರಾತ್ರಿ ಮಲಗಿದರೆ ಆ ಉಸಿರೆಳೆದುಕೊಂಡ ಸದ್ದು ಕೇಳುತ್ತಿತ್ತು. ಮುಚ್ಚಳ, ಮೂಗು, ಮುಚ್ಚಿದ ಕಣ್ಣು, ಮುಖದ ಮೇಲಿನ ಆ ಸುಖ. ಹೊರಗೆ ಮಳೆ ಬಂದರೆ ಎದ್ದು ಕಿಟಕಿ ಹಾಕುತ್ತಿದ್ದೆ. ಸೆಕೆಗೆ ಅಮ್ಮ ಗೊಣಗುತ್ತಿದ್ದರು. ಮಣ್ಣಿನ ವಾಸನೆ ನನಗೆ ಬೇಡವಾಗಿತ್ತು.

ಎರಡನೇ ವಾರದಲ್ಲಿ ಒಂದು ಬೆಳಗಿನ ಫೋಟೋದಲ್ಲಿ ಜ್ವರ ಇತ್ತು.

ಅವರನ್ನು ಅಡ್ಮಿಟ್ ಮಾಡಿದರು. ಎರಡು ಬಾಟಲಿಗಳಲ್ಲಿ ರಕ್ತ ತೆಗೆದು ನಮ್ಮದೇ ಲ್ಯಾಬಿಗೆ ಕಳಿಸಿದರು. ಆ ಬಾಟಲಿಗಳ ಮೇಲೆ ಅವರ ಪೂರ್ತಿ ಹೆಸರನ್ನು ನಾನು ಮೊದಲ ಸಲ ಓದಿದೆ. ಬಾಟಲಿಯೊಳಗೆ ಏನಾದರೂ ಬೆಳೆದರೆ ಯಂತ್ರ ಕೂಗುತ್ತದೆ. ಬೇರೆ ದಿನಗಳಲ್ಲಿ ಅದು ಕೂಗಿದರೆ ನಮಗೆ ಕೆಲಸ ಬಂತು ಎನ್ನುವ ಉತ್ಸಾಹ. ಈಗ ನಾನು ಆ ಯಂತ್ರದ ಎದುರು, ಕೂಗಬೇಡ, ಕೂಗಬೇಡ ಎಂದು ಕೂತಿದ್ದೆ.

ಮರುದಿನ ಮಧ್ಯಾಹ್ನ ಅದು ಕೂಗಿತು.

ಸರ್ ನನ್ನ ಹಿಂದೆ ಬಂದು ನಿಂತರು. "ನಾನು ಮಾಡ್ತೇನೆ, ನೀನು ಹೊರಗೆ ಹೋಗು," ಎಂದರು.

"ಬೇಡ ಸರ್. ಅವರೇ ಕಲಿಸಿದ್ದು. ನಾನೇ ಮಾಡ್ತೇನೆ."

ಕ್ಯಾಬಿನೆಟ್ಟಿನ ಒಳಗೆ ಕೈ ಹಾಕಿ ಒಂದು ಹನಿಯನ್ನು ಸ್ಲೈಡಿನ ಮೇಲೆ ಎಳೆದೆ. ಒಣಗಲು ಬಿಟ್ಟೆ. ನೇರಳೆ ಬಣ್ಣ, ಅಯೊಡಿನ್, ಸ್ಪಿರಿಟ್, ಕೊನೆಗೆ ಕೆಂಪು ಬಣ್ಣ. ನೂರಾರು ಸಲ ಮಾಡಿದ ಕೆಲಸ. ಆ ಬ್ಯಾಕ್ಟೀರಿಯಾ ಆಗಿದ್ದರೆ ತೆಳುಗೆಂಪಿನ ಸಣ್ಣ ಕಡ್ಡಿಗಳು ಕಾಣಬೇಕು, ಎರಡು ತುದಿಯಲ್ಲಿ ಮಾತ್ರ ಬಣ್ಣ ಹಿಡಿದು ಮಧ್ಯೆ ಖಾಲಿ, ಸೀರೆಗೆ ಚುಚ್ಚುವ ಪಿನ್ನಿನ ಹಾಗೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಫೋಕಸ್ ಸಿಗಲಿಲ್ಲ. ಕಣ್ಣಲ್ಲಿ ನೀರಿತ್ತು, ಅದಕ್ಕೆ. ಒರೆಸಿಕೊಂಡು ಮತ್ತೆ ನೋಡಿದೆ.

ನೇರಳೆ. ಗುಂಡಗೆ, ಗೊಂಚಲು ಗೊಂಚಲು, ದ್ರಾಕ್ಷಿಯ ಹಾಗೆ. ಚರ್ಮದ ಮೇಲೆ ಎಲ್ಲರಿಗೂ ಇರುವ ನಿರುಪದ್ರವಿ ಸ್ಟ್ಯಾಫಿಲೋಕಾಕಸ್. ರಕ್ತ ತೆಗೆಯುವಾಗ ಸೂಜಿಯ ಜೊತೆ ಬಾಟಲಿಗೆ ಸೇರಿಕೊಂಡದ್ದು. ಬೇರೆ ದಿನ ಆಗಿದ್ದರೆ, ಯಾರಪ್ಪ ಕೈ ಸರಿಯಾಗಿ ಒರೆಸದೆ ರಕ್ತ ತೆಗೆದದ್ದು ಎಂದು ಬೈಯುತ್ತಿದ್ದೆ.

"ಸರ್, ಕಂಟ್ಯಾಮಿನೇಷನ್!" ಎಂದು ಕೂಗಿದೆ. ಆ ಶಬ್ದವನ್ನು ಅಷ್ಟು ಖುಷಿಯಿಂದ ಹೇಳಿದವರು ಯಾರೂ ಇರಲಿಕ್ಕಿಲ್ಲ. ಸರ್ ಕೂಡ ನೋಡಿದರು. ಎದ್ದು ಕನ್ನಡಕ ತೆಗೆದು ಕೋಟಿನ ಅಂಚಿನಿಂದ ತುಂಬ ಹೊತ್ತು ಒರೆಸಿದರು. ಇನ್ನೊಂದು ಬಾಟಲಿ ಕಡೆಗೂ ಕೂಗಲಿಲ್ಲ. ಜ್ವರ ಬೇರೇನೋ ಮಳೆಗಾಲದ ವೈರಲ್, ತಾನಾಗಿಯೇ ಇಳಿಯಿತು.

ಇದರ ನಡುವೆ ಇನ್ನೊಂದು ವಿಷಯ ಸರ್ ಮೇಜಿನ ಮೇಲೆ ಕೂತಿತ್ತು. ಮಳೆಗಾಲದ ಜ್ವರದ ರೋಗಿಗಳ ರಕ್ತದಲ್ಲಿ ಸಿಗುವ ಬ್ಯಾಕ್ಟೀರಿಯಾಗಳ ಬಗ್ಗೆ ನಾವು ಬರೆದ ಲೇಖನ ವೈದ್ಯಕೀಯ ಪತ್ರಿಕೆಯೊಂದರಿಂದ ಪರಿಷ್ಕರಣೆಗೆ ಮರಳಿ ಬಂದಿತ್ತು. ವಿಮರ್ಶಕರ ಒಂದು ಪ್ರಶ್ನೆ: ಈ ಬ್ಯಾಕ್ಟೀರಿಯಾಗಳನ್ನು ಎಂಥ ಸುರಕ್ಷತೆಯಲ್ಲಿ ನಿಭಾಯಿಸಿದಿರಿ? ಸರ್ ಆ ಸೋಮವಾರಕ್ಕಿಂತ ಮೊದಲೇ ಉತ್ತರ ಬರೆದಿಟ್ಟಿದ್ದರು: ಎಲ್ಲವನ್ನೂ ಸುರಕ್ಷತಾ ಕ್ಯಾಬಿನೆಟ್ಟಿನೊಳಗೆ. ಎಲ್ಲ ಲ್ಯಾಬುಗಳೂ ಬರೆಯುವ ವಾಕ್ಯ. ನಿಯಮವೂ ಅದೇ. ನಮ್ಮ ಬೆಳಗುಗಳು ಮಾತ್ರ ಹಾಗಿರಲಿಲ್ಲ.

ಸರ್ ಆ ವಾಕ್ಯವನ್ನು ಅಳಿಸಲೂ ಇಲ್ಲ, ಕಳಿಸಲೂ ಇಲ್ಲ. ನಿಜ ಬರೆದರೆ ಬಾಯಮ್ಮನ ವಿಷಯ ಬರೆಯಬೇಕು. ಬರೆದರೆ ಕಮಿಟಿಗೂ ಹೋಗಬೇಕು. ಏನು ಮಾಡುವುದೆಂದು ನಾನು ಎರಡು ಸಲ ಕೇಳಿದೆ. "ಅವರ ಮರ್ಯಾದೆ ನನ್ನದಲ್ಲ, ನಾನು ಖರ್ಚು ಮಾಡ್ಲಿಕ್ಕೆ," ಎಂದರು.

ಡಿಸ್ಚಾರ್ಜ್ ಆದ ದಿನ ಬಾಯಮ್ಮ ಮನೆಗೆ ಹೋಗುವ ಬದಲು ಆಟೋವನ್ನು ಗೇಟಿನಲ್ಲಿ ನಿಲ್ಲಿಸಿ ಲ್ಯಾಬಿಗೆ ಬಂದರು. ಮುಖ ಬಾಡಿತ್ತು. ತಮ್ಮ ಸ್ಟೂಲಿನಲ್ಲಿ ಕೂರದೆ, ಸರ್ ಎದುರು ನಿಂತುಕೊಂಡೇ ಮಾತಾಡಿದರು.

"ಸರ್, ವಾರ್ಡಿನಲ್ಲಿ ಮಲಗಿ ಸೂರು ನೋಡ್ತಾ ಯೋಚನೆ ಮಾಡಿದೆ. ನನಗೆ ಮೂಸ್ಲಿಕ್ಕೆ ಕಲಿಸಿದ್ದು ನನ್ನ ಮೇಡಂ. ಇವಳಿಗೆ ಕಲಿಸಿದ್ದು ನಾನು. ಇವಳು ನಾಳೆ ಇನ್ಯಾರಿಗೋ ಕಲಿಸ್ತಾಳೆ. ಆ ಹುಡುಗಿಗೆ ಶುಗರ್ ಇದ್ರೆ?"

ಮೇಜಿನ ಮೇಲಿದ್ದ ಲೇಖನದ ಕಡೆ ಬೆರಳು ತೋರಿಸಿದರು.

"ಅದರಲ್ಲಿ ಬರೆಯಿರಿ. ನನ್ನ ಹೆಸರು ಬೇಡ. ಮೂಗು ಸಾಕು."

ಸರ್‌ಗೆ ನಗು ಬಂತು, ಆಮೇಲೆ ಇನ್ನೇನೋ ಬಂತು, ಮುಖ ಆ ಕಡೆ ತಿರುಗಿಸಿದರು. "ಕಮಿಟಿಯವರು ನಿಮ್ಮನ್ನು ಕರೆದು ಕೇಳ್ತಾರೆ ಬಾಯಮ್ಮ."

"ಕೇಳ್ಲಿ. ಅವರಲ್ಲಿ ಅರ್ಧ ಜನ ನನ್ನ ಹತ್ತಿರವೇ ಪ್ಲೇಟು ಮೂಸಿ ಪಾಸಾದವರು. ಅದನ್ನೂ ಹೇಳ್ತೇನೆ."

ಕಮಿಟಿ ಕೇಳಿತು. ಬಾಯಮ್ಮ ಹೇಳಿದರು. ಕೆಲವು ವಾರ ನಮ್ಮ ಸಂಶೋಧನೆಗೆ ಬ್ಯಾಕ್ಟೀರಿಯಾ ಬೆಳೆಸುವ ಕೆಲಸ ನಿಂತಿತು. ಇನ್ನೊಂದು ಕ್ಯಾಬಿನೆಟ್ ಬಂತು. ರಕ್ತದಿಂದ ಬೆಳೆದದ್ದು ಯಾವುದೇ ಆಗಲಿ, ಸಂಶಯ ಇರಲಿ ಇಲ್ಲದಿರಲಿ, ಹೆಸರು ಗೊತ್ತಾಗುವ ತನಕ ಅದರೊಳಗೇ ಎಂಬ ಪದ್ಧತಿ ಆಯಿತು. ಸರ್ ತಮ್ಮ ವಾಕ್ಯ ಅಳಿಸಿ, ನಡೆದದ್ದನ್ನು ನಡೆದ ಹಾಗೆ ಬರೆದರು. ಸಂಪಾದಕರು ಇನ್ನಷ್ಟು ಪ್ರಶ್ನೆ ಕೇಳಿದರು, ಲೇಖನ ತಡವಾಯಿತು, ಕೊನೆಗೆ ಪ್ರಕಟವಾಯಿತು. ಸಕ್ಕರೆ ಕಾಯಿಲೆಯಿದ್ದ ಸಿಬ್ಬಂದಿಯೊಬ್ಬರು ಬಯಲು ಮೇಜಿನಲ್ಲಿ ಪ್ಲೇಟು ಮೂಸಿದ ಸಂಗತಿ ಅದರಲ್ಲಿ ಸಣ್ಣ ಅಕ್ಷರಗಳಲ್ಲಿ ಇದೆ. ಓದಿದವರಿಗೆ ಅದೊಂದು ಎಚ್ಚರಿಕೆ. ನನಗೆ ಅದರಲ್ಲಿ ಬನ್ಸಿನ ಪರಿಮಳವೂ ಬರುತ್ತದೆ.

ಮೂರು ವಾರದ ಮಾತ್ರೆ ಮುಗಿಯಿತು. ಮಧ್ಯೆ ತೆಗೆದ ರಕ್ತಗಳಲ್ಲಿ ಪ್ರತಿಕಾಯ ಏರಲಿಲ್ಲ. ಕೊನೆಯ ರಕ್ತದಲ್ಲೂ ಏರಿರಲಿಲ್ಲ. ಡಾಕ್ಟರು ಫೋನಿನಲ್ಲಿ, "ಸಾಕು ಇನ್ನು, ಆರಾಮ ಇರಿ," ಎಂದರು. ಆದರೆ ಈ ರೋಗ ಕೆಲವೊಮ್ಮೆ ವರ್ಷಗಟ್ಟಲೆ ಒಳಗೆ ಮಲಗಿ ಏಳುತ್ತದೆ ಎಂದು ನಾನು ಓದಿದ್ದೆ. ಓದಿದ್ದನ್ನು ಮರೆಯುವುದು ಹೇಗೆ? ಫೋಟೋ ಕಳಿಸುವುದನ್ನು ನಿಲ್ಲಿಸಬೇಡಿ ಎಂದು ಬಾಯಮ್ಮನನ್ನು ಬೇಡಿಕೊಂಡೆ. ನನಗಾಗಿ ಅವರು ಕಳಿಸುತ್ತಲೇ ಇದ್ದರು. ಮಳೆಗಾಲ ಕಳೆದು ಅವರು ರಿಟೈರ್ ಆದ ಮೇಲೂ.

ಒಂದು ಶನಿವಾರ ಬೆಳಗ್ಗೆ ಫೋಟೋ ಬರಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಬಸ್ಸು ಹತ್ತಿದೆ. ಪಂಪ್‌ವೆಲ್‌ನಲ್ಲಿ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಮುಂದೆ ಹೋಗದು, ಹಿಂದೆ ಹೋಗದು. ಇಳಿದು, ಫ್ಲೈಓವರಿನ ಕೆಳಗಿಂದ ಅವರ ಮನೆಯ ಓಣಿಯ ತನಕ ಓಡಿದೆ. ದಾರಿಯುದ್ದಕ್ಕೂ ಹನ್ನೊಂದು ಇಪ್ಪತ್ತರ ಆ ಮುಖವೇ ಕಣ್ಣೆದುರು.

ಬಾಗಿಲು ತೆರೆದಿತ್ತು. ಬಾಯಮ್ಮ ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತಿದ್ದರು, ಎದುರಿಗೆ ಒಂದು ಪ್ಲಾಸ್ಟಿಕ್ ತೊಟ್ಟೆ ತುಂಬ ಬಂಗುಡೆ ಮೀನು. ಬೆಳಗ್ಗೆಯೇ ಬಂದರಿಗೆ ಹೋಗಿ ತಂದದ್ದು. ಒಂದನ್ನು ಎತ್ತಿ, ಕಿವಿರು ಬಿಡಿಸಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದುಕೊಂಡರು.

ಬಾಗಿಲಲ್ಲಿ ನಾನು ಕಂಬದ ಹಾಗೆ ನಿಂತುಬಿಟ್ಟೆ.

"ಓ, ನೀನಾ? ಎಂತ ಹೀಗೆ ಬೆವತದ್ದು?" ಎಂದರು.

"ಫೋಟೋ," ಎಂದೆ. "ಫೋಟೋ ಬರ್ಲಿಲ್ಲ."

"ಫೋಟೋವಾ? ಅಯ್ಯೋ, ಮರ್ತೇ ಹೋಯ್ತು ಮಾರಾಯ್ತಿ. ಥರ್ಮಾಮೀಟರ್ ಎಲ್ಲಿಟ್ಟೆನೋ." ಮೀನನ್ನು ನನ್ನ ಕಡೆ ಚಾಚಿದರು. "ಇದನ್ನು ಮೂಸು. ಇದಕ್ಕೆ ಕಮಿಟಿ ಇಲ್ಲ. ಇವತ್ತಿನದ್ದಾ, ನಿನ್ನೆಯದ್ದಾ ಹೇಳು. ತಪ್ಪಿದ್ರೆ ಬನ್ಸ್ ನಿನ್ನದು."

ಮೂಸಿದೆ. ಸಮುದ್ರದ ವಾಸನೆ, ಅಷ್ಟೇ. "ಇವತ್ತಿನದ್ದು," ಎಂದೆ. ಕರ್ಚೀಫಿನಿಂದ ಮುಖ ಒರೆಸಿಕೊಂಡೆ. ಅವರು ನೋಡಿಯೂ ನೋಡದವರ ಹಾಗೆ ಕತ್ತಿ ಎತ್ತಿಕೊಂಡು, "ಪಾಸ್. ಕೂತ್ಕೋ, ಊಟ ಮಾಡಿ ಹೋಗು," ಎಂದರು.

ಕುಡಂಪುಳಿಯ ಹುಳಿ ಹಾಕಿದ ಮೀನಿನ ಸಾರಿನಲ್ಲಿ ಊಟ ಮಾಡಿದೆವು. ಸಂಜೆ ಮನೆಗೆ ಹೊರಟಾಗ ಕಾಲವಲ್ಲದ ಕಾಲದಲ್ಲಿ ನಾಲ್ಕು ಹನಿ ಮಳೆ ಬಿದ್ದು ನಿಂತಿತು. ರಸ್ತೆಯ ಬದಿಯ ಮಣ್ಣು ವಾಸನೆ ಬಿಟ್ಟಿತು. ಮೂಗು ಮುಚ್ಚಲು ಕರ್ಚೀಫಿಗಾಗಿ ಕೈ ಚೀಲಕ್ಕೆ ಹೋಯಿತು, ಆದರೆ ತೆಗೆಯಲಿಲ್ಲ.

ಆ ರಾತ್ರಿ ಕಿಟಕಿ ಹಾಕಲು ನೆನಪಾಗಲಿಲ್ಲ. ಎಚ್ಚರವಾದಾಗ ಹಾಸಿಗೆಯ ಮೇಲೆ ಬಿಸಿಲು ಬಿದ್ದಿತ್ತು. ಅಮ್ಮ ಅಡುಗೆಮನೆಯಿಂದಲೇ, ಇವತ್ತೆಂತ ಇವಳು ಇನ್ನೂ ಏಳಲಿಲ್ಲ ಎಂದು ತುಳುವಿನಲ್ಲಿ ಅಪ್ಪನನ್ನು ಕೇಳುತ್ತಿದ್ದರು. ಮೊಬೈಲು ನೋಡಿದೆ. ಬಾಯಮ್ಮನಿಂದ ಯಾವ ಫೋಟೋವೂ ಬಂದಿರಲಿಲ್ಲ. ಮೊಬೈಲನ್ನು ದಿಂಬಿನ ಪಕ್ಕ ಇಟ್ಟು, ಮಗ್ಗುಲು ಬದಲಿಸಿ, ಇನ್ನೂ ಸ್ವಲ್ಪ ಹೊತ್ತು ಮಲಗಿದೆ.